ಕಾಲು ಮೈಲಿಯ ಲೆಕ್ಕ: ಒಂದು ಟರ್ಬೋ ಕಾರಿನ ಕಥೆ

ಕರಾವಳಿಯ ಕಂಬಳವನ್ನು ನೀವು ನೋಡಿರಬಹುದು. ನೋಡದಿದ್ದರೂ ಕೇಳಿ ಬಲ್ಲಿರಿ. ಜೋಡುಕರೆ ಕಂಬಳದಲ್ಲಿ ಕೆಸರಿನ ಎರಡು ಕರೆಗಳು ಪಕ್ಕಪಕ್ಕದಲ್ಲಿರುತ್ತವೆ. ಎರಡು ಜೊತೆ ಕೋಣಗಳು ಒಮ್ಮೆಲೇ ಹೊರಟು, ನೇರವಾಗಿ ಓಡಿ ಮಂಜೊಟ್ಟಿ ಸೇರುತ್ತವೆ. ತಿರುವಿಲ್ಲ, ಸುತ್ತಿಲ್ಲ; ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಮುಗಿಯುತ್ತದೆ. ಆದರೆ ಆ ಕೆಲವು ಸೆಕೆಂಡುಗಳ ಹಿಂದೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕಿದ ವರ್ಷವಿಡೀ ದುಡಿಮೆ ಇರುತ್ತದೆ.

ಅಮೆರಿಕದಲ್ಲಿ ಕಾರುಗಳಿಗೆ ಇಂಥದೇ ಒಂದು ಓಟವಿದೆ. ಅದರ ಹೆಸರು ಡ್ರ್ಯಾಗ್ ರೇಸ್. ಎರಡು ಕಾರುಗಳು ನಿಂತ ನೆಲೆಯಿಂದ ಹೊರಟು ಕಾಲು ಮೈಲಿ, ಅಂದರೆ 1320 ಅಡಿ ಅಥವಾ ಸುಮಾರು 402 ಮೀಟರ್, ನೇರವಾಗಿ ಓಡಬೇಕು. ಮೊದಲು ಗೆರೆ ದಾಟಿದವನು ಗೆದ್ದ. ಕೇಳಲು ಇಷ್ಟು ಸರಳವಾದ ಈ ಓಟಕ್ಕೆ, ದಿನವೂ ಕಚೇರಿಗೆ ಅಂಗಡಿಗೆ ಓಡಾಡುವ ಒಂದು ಟರ್ಬೋ ಕಾರನ್ನು ಸಜ್ಜುಗೊಳಿಸುವುದೆಂದರೆ ಏನು? ಬಲ ಹೆಚ್ಚಿಸುವುದು ಎಷ್ಟು ಸುಲಭ, ಹೆಚ್ಚಿಸಿದ ಬಲವನ್ನು ತಾಳಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಬ್ಯೂಯಿಕ್ ಎಂಬ ಕಪ್ಪು ಕಾರಿನ ಕಥೆ ಚೆನ್ನಾಗಿ ತಿಳಿಸುತ್ತದೆ. ಅದಕ್ಕೆ ಮುನ್ನ ಈ ಓಟ ಹುಟ್ಟಿದ ಬಗೆಯನ್ನು ನೋಡೋಣ.

ಬೀದಿಯಿಂದ ಓಟದ ಹಾದಿಗೆ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮ್ಯುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಸರೋವರಗಳಿವೆ. ಮೈಲಿಗಟ್ಟಲೆ ಹರಡಿದ, ಚಪ್ಪಡಿಯಂತೆ ಸಮತಟ್ಟಾದ ನೆಲ ಅದು. ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ, ಹಗುರ ಮಾಡಿ, ಎಂಜಿನ್ನಿನ ಬಲ ಹೆಚ್ಚಿಸಿ ಓಡಿಸುವ ಯುವಕರು 1930ರ ದಶಕದಲ್ಲಿ ಅಲ್ಲಿ ಸೇರುತ್ತಿದ್ದರು. ಅವರ ಕ್ಲಬ್ಬುಗಳೆಲ್ಲ ಒಟ್ಟಾಗಿ 1937ರಲ್ಲಿ ಒಂದು ಸಂಘ ಕಟ್ಟಿಕೊಂಡವು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದಾಗ ಈ ಹವ್ಯಾಸ ಇಮ್ಮಡಿಯಾಯಿತು. ಆದರೆ ಸರೋವರಗಳು ದೂರ, ಮನೆಯ ಮುಂದಿನ ರಸ್ತೆ ಹತ್ತಿರ. ಓಟ ಬೀದಿಗೆ ಬಂತು. ಕೆಂಪು ದೀಪದ ಬಳಿ ಪಕ್ಕಪಕ್ಕ ನಿಂತ ಎರಡು ಕಾರುಗಳು ಹಸಿರು ದೀಪಕ್ಕಾಗಿ ಕಾಯುವುದೇ ಪಂದ್ಯವಾಯಿತು. ಅಪಘಾತಗಳಾದವು, ಪತ್ರಿಕೆಗಳು ಕಿಡಿಕಾರಿದವು, ಹಾಟ್ ರಾಡ್ ಎಂಬ ಹೆಸರೇ ಪುಂಡಾಟಕ್ಕೆ ಪರ್ಯಾಯ ಪದವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಯುವಕರಿಗೆ ದಂಡ ವಿಧಿಸಿದರಷ್ಟೇ ಸಾಲದು, ಅವರಿಗೊಂದು ಜಾಗ ಬೇಕು ಎಂದು ಕೆಲವರಿಗೆ ಹೊಳೆಯಿತು. 1949ರಲ್ಲಿ ಗೊಲೀಟಾ ಎಂಬಲ್ಲಿ ವಿಮಾನ ನಿಲ್ದಾಣದ ಬಳಿಯ ರಸ್ತೆಯಲ್ಲಿ ವ್ಯವಸ್ಥಿತ ಓಟವೊಂದು ನಡೆಯಿತು. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಸಿ. ಜೆ. ಹಾರ್ಟ್ ಎಂಬವರು ವಾರವಾರವೂ ನಡೆಯುವ ಓಟದ ಹಾದಿಯನ್ನೇ ಆರಂಭಿಸಿದರು. ‘ಹಾಟ್ ರಾಡ್’ ಮಾಸಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. 1953ರ ಏಪ್ರಿಲ್‌ನಲ್ಲಿ ಪೊಮೋನಾದಲ್ಲಿ ಅದರ ಮೊದಲ ಅಧಿಕೃತ ಓಟ ನಡೆಯಿತು. ಮರುವರ್ಷ ಸಂಘದ ನಾಲ್ವರು ಕಾರಿಗೊಂದು ಟ್ರೇಲರ್ ಕಟ್ಟಿಕೊಂಡು ದೇಶ ಸುತ್ತಿದರು. ಊರೂರಿಗೆ ಹೋಗಿ, ಅಲ್ಲಿಯವರನ್ನು ಕೂಡಿಸಿ, ಸುರಕ್ಷಿತವಾಗಿ ಓಟ ನಡೆಸುವುದು ಹೇಗೆಂದು ಕಲಿಸಿದರು. ಆ ತಂಡದ ಮುಂದಾಳು ಹಿಂದೆ ಪೊಮೋನಾದ ಪೊಲೀಸ್ ಅಧಿಕಾರಿಯಾಗಿದ್ದವರು! ಬೀದಿಯಲ್ಲಿ ಹಿಡಿಯುವ ಕೈಯೇ ಓಟದ ಹಾದಿಗೆ ಕರೆದೊಯ್ಯುವ ಕೈಯೂ ಆಯಿತು.

ಅಂದರೆ, ಡ್ರ್ಯಾಗ್ ರೇಸಿನ ಹಾದಿಗಳು ಬೆಳೆದದ್ದು ವೇಗದ ಹುಚ್ಚಿನಿಂದಷ್ಟೇ ಅಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಪ್ರಾಣಗಳನ್ನು ಉಳಿಸುವ ಕಾಳಜಿಯಿಂದಲೂ. ಮುಂದಿನ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು.

ಹೊಗೆಯಿಂದ ಬಲ

ಟರ್ಬೋಚಾರ್ಜರ್ ಎಂದರೇನು? ಕಮ್ಮಾರನ ಕುಲುಮೆಯನ್ನು ನೆನೆಯಿರಿ. ತಿದಿ ಒತ್ತಿದಷ್ಟೂ ಗಾಳಿ, ಗಾಳಿ ಹೆಚ್ಚಿದಷ್ಟೂ ಬೆಂಕಿ. ಎಂಜಿನ್ನಿನಲ್ಲೂ ಹಾಗೆಯೇ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಆದರೆ ಅದು ಉರಿಯಲು ತಕ್ಕಷ್ಟು ಗಾಳಿ ಬೇಕು. ಟರ್ಬೋ ಆ ಗಾಳಿಯನ್ನು ಒತ್ತಿ ತುಂಬುವ ತಿದಿ. ಇದರ ಸೊಗಸೆಂದರೆ, ಅದನ್ನು ತಿರುಗಿಸಲು ಬೇರೆ ಯಂತ್ರ ಬೇಕಿಲ್ಲ. ಎಂಜಿನ್ ಉಗುಳುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲವು.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ನಿಗೆ ಟರ್ಬೋ ಜೋಡಿಸಿ, 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರದ ಮೇಲೆ ಪರೀಕ್ಷಿಸಿದರು. ಗಾಳಿ ವಿರಳವಾದ ಆ ಎತ್ತರದಲ್ಲೂ ಎಂಜಿನ್ ಬಲಗುಂದಲಿಲ್ಲ.

ಮನೆಬಳಕೆಯ ಕಾರಿಗೆ ಟರ್ಬೋ ಬಂದದ್ದು 1962ರಲ್ಲಿ. ಆ ವರ್ಷ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಒಂದು ವಿಚಿತ್ರ ಏರ್ಪಾಡಿತ್ತು. ಅದರ ಎಂಜಿನ್ನಿಗೆ ಗಾಳಿ ಪೆಟ್ರೋಲುಗಳ ಜೊತೆಗೆ ಮೆಥನಾಲ್ ಮತ್ತು ಬಟ್ಟಿ ಇಳಿಸಿದ ನೀರಿನ ಮಿಶ್ರಣವನ್ನೂ ಸಿಂಪಡಿಸಬೇಕಿತ್ತು. ಏಕೆಂದರೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದವರಿಗೆ ಪಂಪಿನ ಬುಡ ಬೆಚ್ಚಗಾಗುವುದು ಗೊತ್ತು. ಸಿಲಿಂಡರಿನೊಳಗೆ ಬಿಸಿ ಮತ್ತು ಒತ್ತಡ ಮಿತಿ ಮೀರಿದಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ಉಳಿದ ಪೆಟ್ರೋಲು ತಾನಾಗಿ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಎಂದು ಹೆಸರು. ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯ ಪೆಟ್ಟು ಬಿದ್ದಂತೆ ಅದು. ಮೆಥನಾಲ್ ಆವಿಯಾಗುವಾಗ ಬಿಸಿಯನ್ನು ಹೀರಿ ಈ ಸಿಡಿತವನ್ನು ತಡೆಯುತ್ತಿತ್ತು. ಆದರೆ ಕಾರಿನ ಮಾಲೀಕರು ಆ ದ್ರವವನ್ನು ತುಂಬಿಸಲು ಮರೆಯುತ್ತಿದ್ದರು. 1963ರ ನಂತರ ಆ ಕಾರು ತಯಾರಾಗಲಿಲ್ಲ. ಟರ್ಬೋ ಕಾರಿನ ಮುಂದಿನ ಚರಿತ್ರೆಯೆಲ್ಲ ಈ ಸುತ್ತಿಗೆಯ ಪೆಟ್ಟನ್ನು ತಪ್ಪಿಸುವ ಚರಿತ್ರೆಯೇ ಎನ್ನಬಹುದು.

ಕಪ್ಪು ಬ್ಯೂಯಿಕ್

ಬ್ಯೂಯಿಕ್ ಎಂದರೆ ಅಮೆರಿಕದಲ್ಲಿ ಡಾಕ್ಟರರು, ಬ್ಯಾಂಕ್ ಮ್ಯಾನೇಜರರು ಕೊಳ್ಳುವ ಗಂಭೀರವಾದ ಕಾರು ಎಂಬ ಹೆಸರಿತ್ತು. ಅದರ ಆರು ಸಿಲಿಂಡರಿನ ವಿ-6 ಎಂಜಿನ್ 1962ರಲ್ಲಿ ಬಂತು. ಪೆಟ್ರೋಲು ಅಗ್ಗವಾಗಿದ್ದ ಕಾಲ. ಜನಕ್ಕೆ ಎಂಟು ಸಿಲಿಂಡರು ಬೇಕಿತ್ತು. ಬ್ಯೂಯಿಕ್‌ನ ಒಡೆಯರಾದ ಜನರಲ್ ಮೋಟರ್ಸ್‌ನವರು 1967ರಲ್ಲಿ ಈ ಎಂಜಿನ್ ತಯಾರಿಸುವ ಯಂತ್ರಗಳನ್ನೇ ಜೀಪ್ ಕಂಪನಿಗೆ ಮಾರಿಬಿಟ್ಟರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಪೆಟ್ರೋಲಿಗೆ ಸಾಲು ನಿಲ್ಲುವಂತಾದಾಗ, ಮಾರಿದ ಯಂತ್ರಗಳನ್ನು 1974ರಲ್ಲಿ ಮರಳಿ ಕೊಂಡರು. ಹೀಗೆ ಬೇಡವಾಗಿ ಹೋಗಿ ಬೇಕಾಗಿ ಬಂದ ಈ 3.8 ಲೀಟರ್ ಎಂಜಿನ್ನಿಗೆ 1978ರ ಮಾದರಿಯಲ್ಲಿ ಟರ್ಬೋ ಜೋಡಿಸಲಾಯಿತು. ಜೊತೆಗೆ ಒಂದು ಕಿವಿಯನ್ನೂ ಇಟ್ಟರು. ಎಂಜಿನ್ನಿಗೆ ತಿರುಪಿದ ಒಂದು ಸಂವೇದಕ ನಾಕಿಂಗ್ ಸದ್ದನ್ನು ಆಲಿಸುತ್ತಿತ್ತು. ಸದ್ದು ಕೇಳಿದ ಕೂಡಲೇ ವಿದ್ಯುನ್ಮಾನ ವ್ಯವಸ್ಥೆ ಕಿಡಿಯನ್ನು ತುಸು ತಡವಾಗಿ ಹಾರಿಸಿ ಎಂಜಿನ್ನನ್ನು ಕಾಪಾಡುತ್ತಿತ್ತು.

ಮುಂದಿನ ಹೆಜ್ಜೆಗಳು ಬೇಗಬೇಗ ಬಂದವು. 1984ರಲ್ಲಿ ಅಡಿಯಿಂದ ಮುಡಿವರೆಗೆ ಕಪ್ಪು ಬಣ್ಣದ ಗ್ರ್ಯಾಂಡ್ ನ್ಯಾಷನಲ್ ಎಂಬ ಮಾದರಿ ಬಂತು. ಪ್ರತಿ ಸಿಲಿಂಡರಿಗೂ ಸರದಿಯಂತೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ, 200 ಅಶ್ವಶಕ್ತಿ. 1986ರಲ್ಲಿ ಇಂಟರ್‌ಕೂಲರ್ ಸೇರಿತು; ಟರ್ಬೋ ಒತ್ತಿದ ಬಿಸಿ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮುನ್ನ ತಣಿಸುವ ರೇಡಿಯೇಟರಿನಂಥ ಸಾಧನ ಅದು. ಬಲ 235ಕ್ಕೇರಿತು. 1987ರಲ್ಲಿ 245. ಅದೇ ವರ್ಷದ ಕಾರ್ವೆಟ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರಿನ 5.7 ಲೀಟರ್ ಎಂಜಿನ್ನಿಗೆ 240 ಅಶ್ವಶಕ್ತಿ ಇತ್ತು ಎಂದರೆ ನಿಮಗೆ ಇದರ ಮಹತ್ವ ಅರ್ಥವಾದೀತು. ಕೊನೆಯದಾಗಿ ಜಿ.ಎನ್.ಎಕ್ಸ್. ಎಂಬ ವಿಶೇಷ ಮಾದರಿಯ 547 ಕಾರುಗಳು ಮಾತ್ರ ತಯಾರಾದವು. ಅದರ ಬಲ ಕಂಪನಿಯ ಲೆಕ್ಕದಂತೆ 276. 1987ರ ಡಿಸೆಂಬರಿನಲ್ಲಿ ಕೊನೆಯ ಕಪ್ಪು ಬ್ಯೂಯಿಕ್ ಕಾರ್ಖಾನೆಯಿಂದ ಹೊರಬಂತು. ಕಾರ್ಖಾನೆಯ ಕೆಲಸ ಅಲ್ಲಿಗೆ ಮುಗಿಯಿತು. ಮಾಲೀಕರ ಕೆಲಸ ಆರಂಭವಾಯಿತು.

ತಿರುಪು ಸುಲಭ, ತಾಳಿಕೆ ಕಷ್ಟ

ಗ್ರ್ಯಾಂಡ್ ನ್ಯಾಷನಲ್ ಕಾರು ಅಂಗಡಿಯಿಂದ ಬಂದಂತೆಯೇ ಕಾಲು ಮೈಲಿಯನ್ನು ಸುಮಾರು 14 ಸೆಕೆಂಡಿನಲ್ಲಿ ಓಡುತ್ತಿತ್ತು. ಗೆರೆ ದಾಟುವಾಗ ವೇಗ ಗಂಟೆಗೆ 160 ಕಿಲೋಮೀಟರಿನ ಆಸುಪಾಸು. ಆ ವೇಗದಲ್ಲಿ ಒಂದು ಸೆಕೆಂಡಿನ ಅಂತರವೆಂದರೆ ಸುಮಾರು 45 ಮೀಟರ್. ಹಾಗಾಗಿ ಒಂದೊಂದು ಸೆಕೆಂಡೂ ದುಬಾರಿ. ಸ್ಥೂಲವಾದ ಒಂದು ಲೆಕ್ಕವಿದೆ: ತೂಕ ಅಷ್ಟೇ ಇದ್ದರೆ, 14 ಸೆಕೆಂಡನ್ನು 12ಕ್ಕೆ ಇಳಿಸಲು ಬಲ ಸುಮಾರು ಶೇಕಡಾ 60ರಷ್ಟು ಹೆಚ್ಚಬೇಕು, 11ಕ್ಕೆ ಇಳಿಸಲು ಬಲ ಇಮ್ಮಡಿಯಾಗಬೇಕು.

ಈ ಬಲ ಎಲ್ಲಿಂದ ಬರಬೇಕು? ಸಾಮಾನ್ಯ ಎಂಜಿನ್ನಾದರೆ ಬಿಚ್ಚಿ ಒಳಗಿನ ಭಾಗಗಳನ್ನೇ ಬದಲಿಸಬೇಕು. ಟರ್ಬೋ ಎಂಜಿನ್ನಿನಲ್ಲಿ ಹಾಗಲ್ಲ. ಗಾಳಿಯ ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಒಂದು ಪುಟ್ಟ ಬಾಗಿಲಿರುತ್ತದೆ. ಅದರ ಹೆಸರು ವೇಸ್ಟ್‌ಗೇಟ್. ಅದನ್ನು ಎಳೆಯುವ ಸರಳಿನ ಉದ್ದವನ್ನು ಕೆಲವು ಸುತ್ತು ತಿರುಗಿಸಿ ಕಡಿಮೆ ಮಾಡಿದರೆ ಸಾಕು, ಒತ್ತಡ ಏರುತ್ತದೆ. ಇನ್ನು ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂಬುದೆಲ್ಲ ಕಾರಿನ ಕಂಪ್ಯೂಟರಿನ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿರುತ್ತಿತ್ತು. ಆ ಕಂಪ್ಯೂಟರ್ ಇದ್ದದ್ದು ಮುಂದಿನ ಸೀಟಿನ ಪ್ರಯಾಣಿಕನ ಕಾಲಿನ ಪಕ್ಕದ ಹಲಗೆಯ ಹಿಂದೆ. ಹಲಗೆ ಬಿಚ್ಚಿ ಹಳೆಯ ಚಿಪ್ ತೆಗೆದು ಹೊಸದು ಹಾಕಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತಿತ್ತು. ಅರ್ಧ ಗಂಟೆಯ ಕೆಲಸ!

ಅಪಾಯವಿದ್ದದ್ದು ಇಲ್ಲಿಯೇ. ಗಾಳಿ ಹೆಚ್ಚಿತು, ಸರಿ, ಪೆಟ್ರೋಲು? ಕಾರ್ಖಾನೆಯ ಇಂಜೆಕ್ಟರುಗಳು ಕಾರ್ಖಾನೆಯ ಬಲಕ್ಕೆ ಲೆಕ್ಕ ಹಾಕಿದವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಗಾಳಿಗೆ ತಕ್ಕ ಪೆಟ್ರೋಲು ಸಿಗದಿದ್ದರೆ ಉರಿ ಇನ್ನೂ ಬಿಸಿಯಾಗಿ ನಾಕಿಂಗ್ ಶುರುವಾಗುತ್ತದೆ. ಕ್ಷಣಮಾತ್ರದಲ್ಲಿ ಹೆಡ್ ಗ್ಯಾಸ್ಕೆಟ್ ಹಾರಬಹುದು, ಪಿಸ್ಟನ್ ಒಡೆಯಬಹುದು. ಆದ್ದರಿಂದ ತಿಳಿದವರು ಒತ್ತಡ ಏರಿಸುವ ಮೊದಲು ದೊಡ್ಡ ಇಂಜೆಕ್ಟರು, ಬಲವಾದ ಪೆಟ್ರೋಲ್ ಪಂಪು ಹಾಕಿಸುತ್ತಿದ್ದರು. ಪಂಪಿಗೆ ಹೋಗುವ ಮೂಲ ತಂತಿ ತೆಳ್ಳಗಿದ್ದು, ಹಿಂಬದಿ ತಲುಪುವಷ್ಟರಲ್ಲಿ ವೋಲ್ಟೇಜು ಇಳಿಯುತ್ತಿತ್ತು. ಅದಕ್ಕೆಂದೇ ಮುಂಭಾಗದಿಂದ ದಪ್ಪ ತಂತಿಯೊಂದನ್ನು ನೇರವಾಗಿ ಎಳೆಯುವ ರೂಢಿ ಬಂತು. ನೋಡಿ, ನೂರಾರು ಅಶ್ವಶಕ್ತಿಯ ಎಂಜಿನ್ನಿನ ಆಯುಸ್ಸು ಒಂದು ತಂತಿಯ ದಪ್ಪವನ್ನು ನಂಬಿ ನಿಂತಿತ್ತು!

ಪೆಟ್ರೋಲಿನ ಗುಣವೂ ಮುಖ್ಯ. ನಾಕಿಂಗ್ ತಡೆಯುವ ಶಕ್ತಿಯನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಬಂಕಿನ ಪೆಟ್ರೋಲಿಗೊಂದು ಒತ್ತಡ, ಓಟಕ್ಕೆಂದೇ ಮಾಡಿದ ಹೆಚ್ಚು ಆಕ್ಟೇನಿನ ಪೆಟ್ರೋಲಿಗೆ ಇನ್ನೊಂದು. ಓಟದ ದಿನದ ಚಿಪ್ಪನ್ನು ಹಾಗೆಯೇ ಬಿಟ್ಟು ಬಂಕಿನ ಪೆಟ್ರೋಲು ತುಂಬಿಸಿಕೊಂಡು ರಸ್ತೆಯಲ್ಲಿ ವೇಗ ಹೆಚ್ಚಿಸಿದವನಿಗೆ ಎಂಜಿನ್ ಉಳಿಯುವ ಭರವಸೆ ಇರಲಿಲ್ಲ. ಜೆಟ್‌ಫೈರ್ ಕಾರಿನ ಮೆಥನಾಲ್ ಸಿಂಪಡಣೆಯೂ ಈ ಮಾಲೀಕರ ಕೈಯಲ್ಲಿ ಮರುಹುಟ್ಟು ಪಡೆಯಿತು. ಎಲ್ಲಕ್ಕಿಂತ ಉಪಯುಕ್ತವಾದದ್ದು ಕಾರಿನ ಕಂಪ್ಯೂಟರಿಗೆ ಜೋಡಿಸಿ ಓದುವ ಸ್ಕ್ಯಾನ್ ಉಪಕರಣ. ಎಂಜಿನ್ ಎಷ್ಟು ಸಲ ನೋವಿನ ಸದ್ದು ಮಾಡಿತು, ಕಿಡಿ ಎಷ್ಟು ಹಿಂದೆ ಸರಿಯಿತು ಎಂಬುದು ಅಂಕಿಗಳಲ್ಲಿ ಕಾಣುತ್ತಿತ್ತು. ಆ ಅಂಕಿ ನೋಡಿ ತಿರುಪನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸುವವನ ಕಾರು ಬಹುಕಾಲ ಓಡಿತು.

ಇಷ್ಟಾದರೂ ಬಲವಿನ್ನೂ ನೆಲ ಮುಟ್ಟಿಲ್ಲ. ದೊಡ್ಡ ಟರ್ಬೋ ಹಾಕಿದರೆ ಅದು ವೇಗ ಪಡೆಯಲು ಹೊತ್ತು ಹಿಡಿಯುತ್ತದೆ. ಕಾಲು ಮೈಲಿಯ ಓಟದಲ್ಲಿ ಕಾಯಲು ಹೊತ್ತಿಲ್ಲ. ಅದಕ್ಕಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮುಂದಿರುವ ಟಾರ್ಕ್ ಕನ್ವರ್ಟರನ್ನು ಬದಲಿಸಿ, ಕಾರು ನಿಂತಿರುವಾಗಲೇ ಎಂಜಿನ್ ಹೆಚ್ಚು ಸುತ್ತು ತಿರುಗುವಂತೆ ಮಾಡಬೇಕು. ಚಾಲಕ ಎಡಗಾಲಿನಲ್ಲಿ ಬ್ರೇಕ್ ಒತ್ತಿ, ಬಲಗಾಲಿನಲ್ಲಿ ವೇಗ ಹೆಚ್ಚಿಸಿ, ಟರ್ಬೋ ಗಾಳಿ ತುಂಬುವುದನ್ನು ಮಾಪಕದಲ್ಲಿ ನೋಡಿ ಬ್ರೇಕ್ ಬಿಡುತ್ತಾನೆ. ಆಗ ಬರುವ ಹೊಡೆತವನ್ನು ಗೇರ್‌ಬಾಕ್ಸ್ ತಾಳಬೇಕು. ಒಳಗಿನ ಭಾಗಗಳನ್ನು ಗಟ್ಟಿಗೊಳಿಸಬೇಕು. ತಿರುಚುವ ಬಲಕ್ಕೆ ಹಿಂದಿನ ಬಲಚಕ್ರ ನೆಲದಿಂದ ಹಗುರಾಗಿ ಏಳತೊಡಗುತ್ತದೆ; ಅದನ್ನು ಒತ್ತಿ ಹಿಡಿಯಲು ಬಲಬದಿಯ ಸ್ಪ್ರಿಂಗಿನೊಳಗೆ ಗಾಳಿಚೀಲವೊಂದನ್ನು ಇಡುತ್ತಾರೆ. ರಸ್ತೆಯ ಟೈರು ಜಾರುತ್ತದೆ. ಮೃದು ರಬ್ಬರಿನ ಟೈರು ಬೇಕು. ಒಂದನ್ನು ತಿದ್ದಿದರೆ ಅದರ ಪಕ್ಕದ್ದು ದೂರು ಹೇಳುತ್ತದೆ. ಕೂಡುಕುಟುಂಬದ ಯಜಮಾನಿಕೆಯಂತೆ ಈ ಕೆಲಸ. ಒಬ್ಬರಿಗೆ ಹೆಚ್ಚು ಬಡಿಸಿದರೆ ಉಳಿದವರ ತಟ್ಟೆಯನ್ನೂ ನೋಡಬೇಕು.

ನಿಲ್ಲುವ ಲೆಕ್ಕ

ಓಡುವ ಲೆಕ್ಕ ಎಲ್ಲರಿಗೂ ಬೇಕು, ನಿಲ್ಲುವ ಲೆಕ್ಕ ಕೆಲವರಿಗೆ ಮಾತ್ರ ನೆನಪಾಗುತ್ತದೆ. ಗೆರೆ ದಾಟುವ ವೇಗ 100 ಮೈಲಿಯಿಂದ 120 ಮೈಲಿಗೆ ಏರಿದರೆ ಹೆಚ್ಚಳ ಶೇಕಡಾ 20. ಆದರೆ ಬ್ರೇಕುಗಳು ನುಂಗಬೇಕಾದ ಚಲನಶಕ್ತಿ ಶೇಕಡಾ 44ರಷ್ಟು ಹೆಚ್ಚುತ್ತದೆ. ಸುಮಾರು 1600 ಕಿಲೋ ತೂಕದ ಕಾರಿಗೆ ಇದು ಸಣ್ಣ ಮಾತಲ್ಲ. ಗ್ರ್ಯಾಂಡ್ ನ್ಯಾಷನಲ್‌ನ ಕೊನೆಯ ವರ್ಷಗಳ ಮಾದರಿಗಳಲ್ಲಿ ಬ್ರೇಕಿಗೆ ನೆರವಾಗಲು ವಿದ್ಯುತ್ ಪಂಪಿನ ವ್ಯವಸ್ಥೆ ಇತ್ತು. ಅದು ಹಳೆಯದಾದಂತೆ ಅನೇಕ ಮಾಲೀಕರು ಅದನ್ನು ತೆಗೆಸಿ ಸಾಮಾನ್ಯ ಕಾರುಗಳಲ್ಲಿರುವ ನಿರ್ವಾತ ಬೂಸ್ಟರನ್ನು ಹಾಕಿಸಿಕೊಂಡರು.

ಓಟದ ಹಾದಿಯ ನಿಯಮಗಳು ಈ ವಿವೇಕವನ್ನೇ ಮೆಟ್ಟಿಲು ಮೆಟ್ಟಿಲಾಗಿ ಬರೆದಿವೆ. ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನಿನ ನಿಯಮದಂತೆ ಇಂಥ ಹಳೆಯ ಕಾರು 13.99 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಓಡಿದರೆ ಚಾಲಕನಿಗೆ ಹೆಲ್ಮೆಟ್ ಕಡ್ಡಾಯ. 11.49 ಮುಟ್ಟಿದರೆ ಕಾರು ಮಗುಚಿದಾಗ ತಲೆ ಉಳಿಸುವ ಕಬ್ಬಿಣದ ಕಮಾನು ಬೇಕು. 9.99ಕ್ಕೆ ಬಂದರೆ ಚಾಲಕನ ಸುತ್ತ ಪೂರ್ಣ ಪಂಜರ ಬೇಕು, ಪ್ರತ್ಯೇಕ ಲೈಸೆನ್ಸೂ ಬೇಕು. 150 ಮೈಲಿ ವೇಗ ಮುಟ್ಟುವ ಕಾರಿಗೆ ಪ್ಯಾರಾಶೂಟ್ ಬೇಕು. ಹಾದಿಯ ಎರಡು ಬದಿಗೂ ತಡೆಗೋಡೆ, ಗೆರೆಯ ಆಚೆ ನಿಲ್ಲಲು ಉದ್ದನೆಯ ಜಾಗ, ಬೆಂಕಿ ಆರಿಸುವವರು, ಆಂಬುಲೆನ್ಸ್. ಬೀದಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿ ಗೆರೆಯ ಆಚೆ ಇರುವುದು ರಸ್ತೆ ದಾಟುತ್ತಿರುವ ಯಾರದೋ ಮನೆಯ ಮಗು.

ನಮ್ಮ ಮನೆಬಾಗಿಲಿಗೆ

ಇದೆಲ್ಲ ದೂರದ ಅಮೆರಿಕದ ಮಾತಾಯಿತೆಂದು ನೀವು ಭಾವಿಸಬೇಕಾಗಿಲ್ಲ. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಟರ್ಬೋ ಇದೆ. ಬ್ಯೂಯಿಕ್ ಮಾಲೀಕ ಚಿಪ್ ಬದಲಿಸುತ್ತಿದ್ದ. ಇಂದು ಲ್ಯಾಪ್‌ಟಾಪ್ ಜೋಡಿಸಿ ಕಾರಿನ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿಕೊಡುವ ಗ್ಯಾರೇಜುಗಳಿವೆ. ಬಲ ಅಷ್ಟೇ ಸುಲಭವಾಗಿ ಸಿಗುತ್ತದೆ. ತಾಳಿಕೆಯ ಲೆಕ್ಕ ಅಷ್ಟೇ ಸುಲಭವಾಗಿ ಮರೆತುಹೋಗುತ್ತದೆ. ನಗರದ ಹೊರವಲಯದ ಅಗಲವಾದ ರಸ್ತೆಗಳಲ್ಲಿ ರಾತ್ರಿ ಓಟ ನಡೆಸಿ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇದ್ದೇವೆ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದನ್ನು ಅಪರಾಧವೆನ್ನುತ್ತದೆ. 52ನೆಯ ಕಲಮು ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ಮಿತಿ ಹಾಕುತ್ತದೆ.

ಆದರೆ ಕಾನೂನು ಅರ್ಧ ಉತ್ತರ ಮಾತ್ರ ಎಂಬುದು ಈ ಇತಿಹಾಸದ ಪಾಠ. ಉಳಿದರ್ಧ ಉತ್ತರ ಸಾಂಟಾ ಆನಾದ ಓಡುದಾರಿಯಲ್ಲಿದೆ. ನಮ್ಮಲ್ಲೂ ಅದಕ್ಕೆ ಉದಾಹರಣೆ ಇಲ್ಲದಿಲ್ಲ. ಮದರಾಸಿನ ಹೊರಗಿನ ಶೋಳವರಂನಲ್ಲಿ ಮಹಾಯುದ್ಧದ ಕಾಲದ ಓಡುದಾರಿಯೊಂದು ದಶಕಗಳ ಕಾಲ ಮೋಟಾರು ಪಂದ್ಯಗಳಿಗೆ ಜಾಗ ಕೊಟ್ಟಿತ್ತು. ಬೆಂಗಳೂರಿನ ಉತ್ಸಾಹಿಗಳೂ ಅಲ್ಲಿಗೆ ಹೋಗಿ ಓಡಿಸುತ್ತಿದ್ದರು. ವೇಗದ ಆಸೆ ತಾರುಣ್ಯದ ಜೊತೆಗೆ ಬರುವಂಥದು; ಗದರಿದ ಮಾತ್ರಕ್ಕೆ ಹೋಗುವುದಿಲ್ಲ. ಅದಕ್ಕೊಂದು ಕರೆ ತೋಡಿಕೊಡಬೇಕು. ಕರೆಯ ಬದಿಗೆ ಕಟ್ಟೆ ಕಟ್ಟಬೇಕು, ನಿಯಮ ಹೇಳಿಕೊಡಬೇಕು, ಮಂಜೊಟ್ಟಿಯಾಚೆ ನಿಲ್ಲಲು ಜಾಗ ಬಿಡಬೇಕು.

ಮುಂದೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕಾರಿನ ಬಲ ಹೆಚ್ಚಿಸುವ ಮಾತೆತ್ತಿದರೆ ಕೂಡಲೇ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಅಷ್ಟು ಗಾಳಿಗೆ ಪೆಟ್ರೋಲು ಸಾಲುತ್ತದೆಯೇ? ಎಂಜಿನ್ನಿನ ಸದ್ದು ಆಲಿಸಲು ನಿನಗೆ ಗೊತ್ತಿದೆಯೇ? ಗೆರೆ ದಾಟಿದ ಮೇಲೆ ಎಲ್ಲಿ ನಿಲ್ಲಿಸುತ್ತೀಯೆ? ಮೂರನೆಯದಕ್ಕೆ ಸರಿಯಾದ ಉತ್ತರ ಸಿಗುವವರೆಗೆ ಆ ತಿರುಪನ್ನು ಮುಟ್ಟದಿರುವುದೇ ಒಳಿತು.